ತಾವಾಗಿ ಬಂದು ಕೇಳಿದ ಒಂದು ಮನೆ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ಯಾರೋ ತಿಳಿಯದು. ತಿಳಿದಿದ್ದರೆ ಗಂಗಾಧರಸ್ವಾಮಿಯವರು ಅವನ ಮನೆಬಾಗಿಲಿಗೇ ಹೋಗಿ ನ್ಯಾಯ ಕೇಳುತ್ತಿದ್ದರು. ಏಕೆಂದರೆ ಅವರು ಪುಕ್ಕಟೆಯಾದ, ಅಪ್ಪಟವಾದ, ಯಾವ ಕಲ್ಮಷವೂ ಇಲ್ಲದ ಒಂದು ವಸ್ತುವನ್ನು ಹಿಡಿದುಕೊಂಡು ಮಳೆಗಾಲದಿಂದ ಬೇಸಿಗೆಯವರೆಗೆ ಊರೆಲ್ಲ ಸುತ್ತಿದರು. ನನಗೊಂದಿರಲಿ ಎಂದವರೂ ಇಲ್ಲ, ಅಪ್ಪನ ಹೆಸರೆತ್ತಿದವರೂ ಇಲ್ಲ.

ಆ ವಸ್ತುವಿನ ಹೆಸರು ಮುಕ್ತ ತಂತ್ರಾಂಶ. (ಹೆಸರು ಕೇಳಿಯೇ ಪುಟ ತಿರುವಬೇಡಿ. ಗಂಗಾಧರಸ್ವಾಮಿಯವರ ಶ್ರೀಮತಿ ರೂಪಶ್ರೀಯೂ ಮೊದಲ ದಿನ ಹೀಗೆಯೇ ಮುಖ ತಿರುಗಿಸಿದ್ದಳು.) ಕಂಪ್ಯೂಟರು ನಡೆಯಬೇಕಾದರೆ ಅದರೊಳಗೆ ಒಂದಿಷ್ಟು ಬುದ್ಧಿ ತುಂಬಬೇಕು. ಆ ಬುದ್ಧಿಯನ್ನು ಕಂಪನಿಗಳು ಮಾರುತ್ತವೆ, ಒಳಗೆ ಏನಿದೆ ಎಂದು ಮಾತ್ರ ತೋರಿಸುವುದಿಲ್ಲ. ಇನ್ನು ಕೆಲವರು ಲೋಕದ ಯಾವ ಯಾವುದೋ ಮೂಲೆಯಲ್ಲಿ ಕುಳಿತು ಅಂಥದ್ದನ್ನೇ ಬರೆದು, ಇಗೋ ಒಳಗೂ ನೋಡಿಕೊಳ್ಳಿ, ಬೇಕಾದರೆ ತಿದ್ದಿಕೊಳ್ಳಿ, ನಾಲ್ಕು ಜನಕ್ಕೆ ಹಂಚಿ ಎಂದು ಬಿಟ್ಟುಕೊಟ್ಟಿದ್ದಾರೆ. ಸಂಗತಿ ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ಗಂಗಾಧರಸ್ವಾಮಿಯವರು ಒಂದು ಮಧ್ಯಾಹ್ನ ಪೂರ್ತಿ ತೆಗೆದುಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ಅವರ ಊರು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿದೆ. (ಹೆಸರು ಹೇಳುವುದು ಬೇಡ. ಆ ಊರಿನವರಿಗೆ ಓದುವ ಅಭ್ಯಾಸವೂ ಇದೆ, ಜಗಳದ ಅಭ್ಯಾಸವೂ ಇದೆ.) ಸ್ವಾಮಿಯವರು ಚಾಮರಾಜನಗರದ ಒಂದು ಖಾಸಗಿ ಕಾಲೇಜಿನಲ್ಲಿ ಹೆಡ್ ಗುಮಾಸ್ತರು. ತೆಳ್ಳನೆಯ ಆಳು, ನೇರ ನಡತೆ, ಹಣೆಗೆ ವಿಭೂತಿ ಇಡದೆ ಬಸ್ಸು ಹತ್ತಿದವರಲ್ಲ. ಒಂದು ಭಾನುವಾರ ಕಾಲೇಜಿನಲ್ಲಿ ಈ ತಂತ್ರಾಂಶದ ಬಗ್ಗೆ ಶಿಬಿರವಾಯಿತು. ಮುಗಿಯುವ ಹೊತ್ತಾಯಿತೆಂದು ಕೋಣೆಗೆ ಬೀಗ ಹಾಕಿಕೊಂಡು ಬರಲು ಹೋದ ಸ್ವಾಮಿಯವರು ಬಾಗಿಲ ಬಳಿ ನಿಂತು ಸ್ವಲ್ಪ ಕೇಳಿದರು, ಆಮೇಲೆ ಕುಳಿತು ಕೇಳಿದರು, ಕೊನೆಗೆ ಮುಂದಿನ ಸಾಲಿಗೆ ಹೋಗಿ ಕೇಳಿದರು. ಎಂಟನೆಯ ವರ್ಷದಲ್ಲಿ ಲಿಂಗ ಕಟ್ಟಿದ್ದು ಮೊದಲ ದೀಕ್ಷೆಯಾದರೆ, ಅವತ್ತು ಆದದ್ದು ಎರಡನೆಯದು. ಬೀಗ ಹಾಕುವುದನ್ನು ಮರೆತು ಮನೆಗೆ ಬಂದರು.

ಅಂದಿನಿಂದ ಆ ಮನೆಯಲ್ಲಿ ಎರಡು ಕಂಪ್ಯೂಟರುಗಳು ಓರಗಿತ್ತಿಯರಂತೆ ಬೆನ್ನು ಹಾಕಿ ಕುಳಿತವು. ಒಂದು, ಸ್ವಾಮಿಯವರು ಕಾಲೇಜಿನ ಹರಾಜಿನಲ್ಲಿ ಹಿಡಿದ ಹಳೆಯ ಪೆಟ್ಟಿಗೆ, ಮುಕ್ತ ತಂತ್ರಾಂಶದ್ದು. ಇನ್ನೊಂದು ರೂಪಶ್ರೀಯ ಲ್ಯಾಪ್‌ಟಾಪು. ಆಕೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಸುತ್ತಲ ಹತ್ತೂರಿಗೆ ಹೆಸರಾದವಳು. ಆ ಸಂಪಾದನೆಯಲ್ಲಿ ತಾನೇ ಕೊಂಡದ್ದು. ಕುಚ್ಚಿನ ಮಾದರಿಗಳು, ಬಣ್ಣಗಳ ಹೊಂದಾಣಿಕೆ, ಗಿರಾಕಿಗಳ ಫೋಟೋ, ಎಲ್ಲ ಅದರಲ್ಲಿ.

"ನನ್ನದರಲ್ಲಿ ವೈರಸ್ಸೇ ಬರಲ್ಲ ಕಣೆ," ಎಂದು ಸ್ವಾಮಿಯವರು ಶುರುಮಾಡುತ್ತಿದ್ದರು.

"ನಂದ್ರಲ್ಲೂ ಬಂದಿಲ್ಲ."

"ನಿನ್ನದು ನಿನ್ನದೇ ಅಲ್ಲ. ಅದರೊಳಗೆ ನೀನು ಬಾಡಿಗೆಗಿದ್ದೀಯ. ಕಂಪನಿ ಯಾವತ್ತು ಬೇಕಾದರೂ ಬಾಗಿಲು ಹಾಕಬಹುದು. ಸ್ವಾತಂತ್ರ್ಯ ಅನ್ನೋದು ಇದೆಯಲ್ಲ..."

"ಸ್ವಾತಂತ್ರ್ಯ ಆಮ್ಯಾಕ ಮಾತಾಡನ. ನಿಮ್ದ್ರಲ್ಲಿ ಪ್ರಿಂಟರು ಓಡ್ತಾ?"

ಪ್ರಿಂಟರಿನ ವಿಷಯ ಸೂಕ್ಷ್ಮವಾದದ್ದು. ಸ್ವಾಮಿಯವರ ತಂತ್ರಾಂಶಕ್ಕೂ ಆ ಪ್ರಿಂಟರಿಗೂ ಎಣ್ಣೆ ಸೀಗೇಕಾಯಿ. ಕಾಗದ ಹಾಕಿದರೆ ಅದು ಒಮ್ಮೆ ಗುಟುರು ಹಾಕಿ ಸುಮ್ಮನಾಗುತ್ತಿತ್ತು. ಆಗ ಸ್ವಾಮಿಯವರು, ತಪ್ಪು ಪ್ರಿಂಟರು ಮಾಡಿದ ಕಂಪನಿಯದು ಎಂದು ಸಾಬೀತು ಮಾಡಲು ಹೊರಡುತ್ತಿದ್ದರು. ಅಷ್ಟು ಹೊತ್ತಿಗೆ ರೂಪಶ್ರೀ ತನ್ನದರಲ್ಲಿ ಮೂರು ಹಾಳೆ ಅಚ್ಚು ಹಾಕಿ ಎದ್ದಿರುತ್ತಿದ್ದಳು.

ಇಂಥ ಒಂದು ಜಗಳದ ಕೊನೆಯಲ್ಲಿಯೇ ಆಕೆ ಆ ಮಾತು ಆಡಿದ್ದು.

"ನೋಡಿ, ನಂಗ ಗೊತ್ತಿರದು ಒಂದೇ. ಒಳ್ಳೆ ವಸ್ತುವಾಗಿದ್ರ ಯಾರಾರಾ ಕೇಳ್ಕಂಡು ಬತ್ತಿದ್ರು. ನನ್ ಕುಚ್ಚಿಗ ದೂರದ ಕುದೇರಿಂದ ಬತ್ತರ, ನಾನೇನು ಬನ್ನಿ ಅಂತ ಕರ್ದಿದ್ನಾ? ಈ ಊರಲ್ಲಿ ಒಂದೇ ಒಂದು ಮನೆಯೋರು, ನೀವು ಬಲವಂತ ಮಾಡ್ದಂಗ, ತಾವಾಗಿ ಬಂದು, ನಮ್ಗೂ ಅದು ಬೇಕು ಅನ್ಲಿ. ಅವತ್ತೇ ನನ್ನ ಲ್ಯಾಪ್‌ಟಾಪ್ಗೂ ಹಾಕಿಸ್ಕತೀನಿ. ಭೀಮನಬೀಡಿನ ಹೆಣ್ಣು ನಾನು, ಆಡಿದ ಮಾತ್ಗ ತಪ್ಪಲ್ಲ."

ಲೋಕಕ್ಕೆಲ್ಲ ಸ್ವಾತಂತ್ರ್ಯ ಕೊಡಿಸುವ ಹುರುಪು ಸ್ವಾಮಿಯವರಲ್ಲಿ ಇದ್ದದ್ದು ನಿಜ. ಆದರೆ ಒಳಗಿನ ಮಾತು ಬೇರೆ. ಮದುವೆಯಾದಂದಿನಿಂದ ಅವರು ಮನೆಗೆ ತಂದ ಒಂದು ವಸ್ತುವನ್ನೂ ರೂಪಶ್ರೀ ಮೆಚ್ಚಿರಲಿಲ್ಲ. ತಂದ ಕುಕ್ಕರು ಸೀಟಿ ಹೊಡೆಯಲಿಲ್ಲ, ತಂದ ಸ್ಕೂಟರು ಏರು ಹತ್ತಲಿಲ್ಲ, ಕಸಿ ಮಾವು ಎಂದು ತಂದ ಗಿಡ ಬೆಳೆದು ನೇರಳೆಯಾಯಿತು. ತಾವು ತಂದದ್ದೊಂದು ಆಕೆಯ ಕೈಯಲ್ಲಿ ಕೆಲಸ ಮಾಡುವುದನ್ನು ಸಾಯುವುದರೊಳಗೆ ನೋಡಬೇಕೆಂದು ಅವರಿಗೆ ಆಸೆಯಿತ್ತು. ಆ ಆಸೆ ಈಗ ಒಂದು ಮನೆಯ ದೂರದಲ್ಲಿತ್ತು. ಇಡೀ ಊರಿನಲ್ಲಿ ಒಂದು ಮನೆ ಸಿಕ್ಕುವುದಿಲ್ಲವೆ?

ಪ್ರಚಾರ ಕಾರ್ಯ ಆರಂಭವಾಯಿತು. ಬಲವಂತ ಕೂಡದು ಎಂಬ ಷರತ್ತಿದ್ದದ್ದರಿಂದ ಸ್ವಾಮಿಯವರು ಮನೆಮನೆಗೆ ಹೋಗಿ ವಿಷಯವನ್ನಷ್ಟೇ ತಿಳಿಸಿ, ಕೈಮುಗಿದು, ಯೋಚನೆ ಮಾಡಿ ಎಂದು ಹೇಳಿ ಬರುವುದೆಂದು ತೀರ್ಮಾನಿಸಿದರು. ಭಾನುವಾರ ಬೆಳಿಗ್ಗೆ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಹೊರಟರು. ಮೊದಲು ಸಿಕ್ಕಿದವನು ಮೂಗಯ್ಯ. ಅವನ ಮಗಳು ಕುಮಾರಿ ಗುಂಡ್ಲುಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಳು, ಮನೆಯಲ್ಲಿ ಒಂದು ಕಂಪ್ಯೂಟರಿತ್ತು.

"ಮೂಗಯ್ಯ, ಇದು ಹೆಪ್ಪಿನ ಹಾಗೆ," ಎಂದರು ಸ್ವಾಮಿಯವರು. ಈ ಹೋಲಿಕೆಯನ್ನು ಅವರು ಬಸ್ಸಿನಲ್ಲಿ ಕುಳಿತು ಯೋಚಿಸಿ ಸಿದ್ಧಮಾಡಿಕೊಂಡಿದ್ದರು. "ನಮ್ಮ ಮನೆ ಮೊಸರಲ್ಲಿ ಒಂದು ಚಮಚ ಹೆಪ್ಪಿಗೆ ಕೊಟ್ಟರೆ ನಮ್ಮದೇನು ಕಮ್ಮಿಯಾಗುತ್ತಾ? ನಿಮ್ಮ ಮನೆಯಲ್ಲೂ ಮೊಸರಾಯಿತು, ನಮ್ಮಲ್ಲೂ ಉಳಿಯಿತು. ನಾಳೆ ನಮ್ಮದು ಕೆಟ್ಟರೆ ನಿಮ್ಮ ಮನೆಯಿಂದ ತರಬಹುದು."

ಮೂಗಯ್ಯ ಬಹಳ ಹೊತ್ತು ಯೋಚಿಸಿದ.

"ಅದು ಸರಿ ಸ್ವಾಮ್ಯೋರೆ. ಆದ್ರ ಹೆಪ್ಪ ಬೇಕಾದೋರು ಬಂದು ಕೇಳ್ಕಂಡು ಹೋಯ್ತರ. ಹೆಪ್ಪು ಬೇಕಾ ಹೆಪ್ಪು ಬೇಕಾ ಅಂತ ಮನೆಮನೆಗ ಹೊತ್ಕ ಬಂದೋರ ನಾ ಕಾಣಿ."

ಸ್ವಾಮಿಯವರು ಈ ಆಕ್ಷೇಪಣೆಯನ್ನು ನಿರೀಕ್ಷಿಸಿರಲಿಲ್ಲ.

"ಇದ್ರಿಂದ ನಿಮ್ಗೇನ ಲಾಭ?" ಎಂದ ಮೂಗಯ್ಯ.

"ನನಗೇನೂ ಲಾಭವಿಲ್ಲ. ಜನಕ್ಕೆ ಒಳ್ಳೆಯದಾಗಲಿ ಅಂತ ಅಷ್ಟೇ."

"ಓಹೋ," ಎಂದ ಮೂಗಯ್ಯ. ಅವನ ಮುಖದಲ್ಲಿ ಏನೋ ಹೊಳೆದಂತಾಯಿತು. ಸ್ವಾಮಿಯವರು ಅದನ್ನು ಜ್ಞಾನೋದಯ ಎಂದು ಭಾವಿಸಿ ಕೈಮುಗಿದು ಮುಂದಿನ ಮನೆಗೆ ಹೋದರು.

ಮಳೆಗಾಲ ಕಳೆದು ಬೇಸಿಗೆ ಬರುವವರೆಗೆ ಪ್ರತಿ ಭಾನುವಾರವೂ, ಎಲ್ಲ ಮನೆಗಳಲ್ಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಓಹೋ. ಪಾಪ, ಆ ಮನುಷ್ಯ ಬೇರೆ ಏನು ಹೇಳಿಯಾರು? ಲಾಭವಿರಲಿಲ್ಲ, ಇಲ್ಲ ಎಂದರು. ಆದರೆ ಆ ಸೀಮೆಯಲ್ಲಿ ಬಿಳಿ ಬಟ್ಟೆ ತೊಟ್ಟು, ಕೈಮುಗಿದು, ಮನೆಬಾಗಿಲಿಗೆ ಬಂದು, ನನಗೇನೂ ಲಾಭವಿಲ್ಲ, ಎಲ್ಲ ನಿಮ್ಮ ಒಳ್ಳೆಯದಕ್ಕೆ ಎನ್ನುವವರು ಒಂದೇ ಜಾತಿಯ ಜನ. ಅವರು ಬಂದುಹೋದ ಮೇಲೆ ಏನು ಬರುತ್ತದೆಂದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿದ್ದವರು ಸ್ವಾಮಿಯವರೊಬ್ಬರೇ. ಅಷ್ಟರಲ್ಲಿ ಕಾಲೇಜಿನಲ್ಲಿ ಪರೀಕ್ಷೆಯ ಕಾಲ ಬಂದಿತ್ತು. ಪಂಚಾಯ್ತಿ ಚುನಾವಣೆ ಘೋಷಣೆಯಾದದ್ದನ್ನೂ, ತಮ್ಮ ಬೀದಿಯ ಸ್ಥಾನ ಮಹಿಳೆಯರಿಗೆ ಮೀಸಲಾದದ್ದನ್ನೂ ಅವರು ಗಮನಿಸಿರಲಿಲ್ಲ.

ಮನೆಮನೆಗೆ ಹೋದರೂ ಯಾರೂ ಬರಲಿಲ್ಲ. ಆಗ ಸ್ವಾಮಿಯವರಿಗೆ ಫ್ಲೆಕ್ಸಿನ ಯೋಚನೆ ಬಂತು. ಗುಂಡ್ಲುಪೇಟೆಯಲ್ಲಿ ಶಿವರಾಮು ಎಂಬುವನ ಫ್ಲೆಕ್ಸ್ ಅಂಗಡಿ. ಮದುವೆ, ತಿಥಿ, ಹುಟ್ಟುಹಬ್ಬ, ಕಬಡ್ಡಿ ಪಂದ್ಯ, ಎಲ್ಲವನ್ನೂ ಅವನು ಒಂದೇ ಉತ್ಸಾಹದಿಂದ ಅಚ್ಚು ಹಾಕುವವನು. ಸ್ವಾಮಿಯವರು ತಾವೇ ಬರೆದ ಒಕ್ಕಣೆಯನ್ನು ಮುಂದಿಟ್ಟರು: ಮುಕ್ತ! ಉಚಿತ! ಸರ್ವರಿಗೂ ಸಮಾನ! ಪರಾಧೀನತೆಯಿಂದ ಬಿಡುಗಡೆ ಹೊಂದಿ! ಅದರ ಕೆಳಗೆ ತಂತ್ರಾಂಶದ ವಿವರ, ಹತ್ತು ಸಾಲು.

ಶಿವರಾಮು ಓದಿ ನೋಡಿದ. "ಮಖ ಎಲ್ಲಿ ಸಾ?"

"ಮುಖ ಯಾಕೆ? ಇದು ತಂತ್ರಾಂಶದ ಜಾಹೀರಾತು."

"ಮಖ ಇಲ್ದೆ ಫ್ಲೆಕ್ಸ್ ಹೊಡೆಯಕ್ಕಾದ್ದಾ ಸಾ? ಸತ್ತೋರ್ಗೂ ಮಖ ಹಾಕ್ತೀವಿ. ಬರೀ ಅಕ್ಷರ ಇದ್ರ ಜನ ನೋಟೀಸು ಅನ್ಕಂಡು ಆ ಕಡೀಕ್ ತಿರುಗ್ತರ. ಒಂದು ಫೋಟೋ ಕೊಡಿ."

ಈ ಮಾತಿನಲ್ಲಿ ಸ್ವಾಮಿಯವರಿಗೆ ಸತ್ಯ ಕಂಡಿತು. ಮೊಬೈಲಿನಲ್ಲಿ ಹುಡುಕಿದಾಗ ಮನೆಯ ಗೃಹಪ್ರವೇಶದ ದಿನದ ಒಂದು ಫೋಟೋ ಸಿಕ್ಕಿತು: ಗಂಡಹೆಂಡಿರಿಬ್ಬರೂ ಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯುತ್ತಿರುವುದು. ಅದನ್ನೇ ಕಳಿಸಿ, ಮೂಲೆಯಲ್ಲಿ ಸಣ್ಣದಾಗಿ ಹಾಕು ಎಂದು ಹೇಳಿ ಬಸ್ಸು ಹತ್ತಿದರು.

(ಶಿವರಾಮು ಆ ಫ್ಲೆಕ್ಸನ್ನು ಯಾವುದೋ ದೊಡ್ಡ ಕಂಪನಿಯ, ಎಲ್ಲಿಂದಲೋ ಕದ್ದು ತಂದ ತಂತ್ರಾಂಶದಲ್ಲಿ ತಯಾರಿಸಿದ. ಮುಕ್ತ ತಂತ್ರಾಂಶದ ಮೊತ್ತಮೊದಲ ಜಾಹೀರಾತು ಆ ತಾಲ್ಲೂಕಿನಲ್ಲಿ ಹೀಗೆ ಜನ್ಮ ತಾಳಿತು. ಸ್ವಾಮಿಯವರಿಗೆ ಇದು ಇಂದಿಗೂ ತಿಳಿಯದು, ತಿಳಿಸುವುದೂ ಬೇಡ.)

ಫ್ಲೆಕ್ಸನ್ನು ಶಿವರಾಮುವಿನ ಕಡೆಯವರೇ ತಂದು ಬಸ್ ನಿಲ್ದಾಣದ ಎದುರು ಕಟ್ಟಿಹೋದರು. ಸಂಜೆ ಬಸ್ಸಿನಿಂದ ಇಳಿದ ಸ್ವಾಮಿಯವರು ತಲೆಯೆತ್ತಿ ನೋಡಿ ಅಲ್ಲಿಯೇ ನಿಂತರು. ಆಳೆತ್ತರದ ರೂಪಶ್ರೀ ಊರಿಗೆಲ್ಲ ಕೈಮುಗಿದು ನಗುತ್ತಿದ್ದಳು. ತಲೆಯ ಮೇಲೆ 'ಉಚಿತ! ಸರ್ವರಿಗೂ ಸಮಾನ!' ಎಂದಿತ್ತು. ಪಾದದ ಬಳಿ ಒಂದು ಗುಂಡು ಚೌಕಟ್ಟಿನೊಳಗೆ ಸ್ವಾಮಿಯವರ ಮುಖ, ತೀರಿಕೊಂಡ ಹಿರಿಯರನ್ನು ಹಾಕುತ್ತಾರಲ್ಲ, ಆ ರೀತಿ. ತಂತ್ರಾಂಶದ ಹತ್ತು ಸಾಲು ಜಾಗ ಸಾಲದೆ ಕಾಣೆಯಾಗಿತ್ತು. ಫೋನು ಮಾಡಿದರೆ ಶಿವರಾಮು, "ನಿಮ್ ಮಖ ಕತ್ಲೆಲಿತ್ತು ಸಾ. ಅಕ್ಕಾರದು ಲಕ್ಷಣವಾಗಿತ್ತು, ದೊಡ್ದು ಮಾಡ್ದೆ," ಎಂದು ಹೆಮ್ಮೆಯಿಂದ ಹೇಳಿದ.

ಸ್ವಾಮಿಯವರು ಬಳಸುದಾರಿ ಹಿಡಿದು ಮನೆಗೆ ಹೊರಟರು. ಹೋಗಿ ನೋಡಿದರೆ ಜಗಲಿಯ ತುಂಬ ಜನ.

ಒಂದು ಕ್ಷಣ ಅವರ ಎದೆ ಹಿಗ್ಗಿತು. ಬಂದರು, ಕೊನೆಗೂ ತಾವಾಗಿ ಬಂದರು ಎಂದುಕೊಂಡರು. ಅಷ್ಟರಲ್ಲಿ ಪುಟ್ಟಮಾದಮ್ಮ ಎದ್ದು ನಿಂತು, "ಮೊದ್ಲು ನಮ್ ಕೇರಿ ಕೊಳಾಯಿ ಸರಿಮಾಡಿಸ್ಬೇಕು ಕಣ್ ಸ್ವಾಮಿ. ಆಮ್ಯಾಕ ಉಳ್ದದ್ದು," ಎಂದಳು. ಇನ್ನೊಬ್ಬರಿಗೆ ಚರಂಡಿ, ಮತ್ತೊಬ್ಬರಿಗೆ ಬೀದಿ ದೀಪ.

"ನಾವು ಚುನಾವಣೆಗೆ ನಿಂತಿಲ್ಲ," ಎಂದರು ಸ್ವಾಮಿಯವರು ಗಾಬರಿಯಿಂದ. "ಆ ಬೋರ್ಡು ಬೇರೆ ವಿಷಯ. ಅದು ಕಂಪ್ಯೂಟರಿನದು."

"ಎಲ್ಲಾರೂ ಮೊದ್ಲು ಹಂಗೇ ಅನ್ನದು," ಎಂದ ಮೂಗಯ್ಯ, ಬಲ್ಲವನ ಗತ್ತಿನಲ್ಲಿ. "ಮೊದಲ್ನೇ ಭಾನ್ವಾರ ನೀವು ಬಂದಾಗ್ಲೆ ನಂಗ ತಿಳೀತು."

ಒಳಗೆ ಹೋದಾಗ ರೂಪಶ್ರೀ ಕುಚ್ಚಿನ ದಾರಗಳ ನಡುವೆ ಅಲ್ಲಾಡದೆ ಕುಳಿತಿದ್ದಳು.

"ಊರ ಬಾಗಿಲಲ್ಲಿ ನನ್ನ ನಿಲ್ಸಿದ್ದರಿ. ತಲೆ ಮ್ಯಾಲ ಉಚಿತ ಅಂತ ಬರ್ಸಿದ್ದರಿ. ನಮ್ಮಪ್ಪ ಬಸ್ಸಲ್ಲಿ ಹೋಯ್ತಾ ನೋಡಿ ಫೋನ್ ಮಾಡಿದ್ರು. ಏನ್ ಹೇಳ್ಲಿ ನಾನು ಅವ್ರಿಗ?"

ಅಷ್ಟರಲ್ಲಿ ಹೊರಗೆ ದೊಡ್ಡ ದನಿ ಕೇಳಿಸಿತು. ವೃಷಭೇಂದ್ರಪ್ಪ ಬಂದಿದ್ದರು. ಗೊಬ್ಬರದ ಅಂಗಡಿಯ ಮಾಲೀಕರು, ನೆಂಟರೂ ಹೌದು, ಊರಿನಲ್ಲಿ ಮಾತು ನಡೆಯುವ ಕುಳ. ಮೀಸಲಾತಿ ಹೊರಬಿದ್ದ ದಿನವೇ ಅವರು ತಮ್ಮ ಹೆಂಡತಿ ಚಿಕ್ಕಮಲ್ಲಮ್ಮ ಅವಿರೋಧವಾಗಿ ಆಯ್ಕೆಯಾದಂತೆಯೇ ಎಂದು ಊರಿಗೆಲ್ಲ ಹೇಳಿ, ಸಿಹಿಯನ್ನೂ ಹಂಚಿದ್ದರು.

"ಏನ್ ಗಂಗಾಧರ, ಒಂದು ಮಾತು ಕೇಳ್ದೆ ಫ್ಲೆಕ್ಸ್ ಕಟ್ಬುಟ್ಟಲ್ಲ? ದೊಡ್ಡೋರು ಚಿಕ್ಕೋರು ಅನ್ನದು ಬ್ಯಾಡ್ವಾ?"

"ತಪ್ಪಾಯಿತಣ್ಣ. ಅದು ಚುನಾವಣೆಯದಲ್ಲ. ಈಗಲೇ ಬಿಚ್ಚಿಸ್ತೀನಿ," ಎಂದರು ಸ್ವಾಮಿಯವರು. ಅವರಿಗೂ ಅದೇ ಬೇಕಾಗಿತ್ತು. ಅಲ್ಲಿಗೆ ಎಲ್ಲ ತಣ್ಣಗಾಗುವುದರಲ್ಲಿತ್ತು. ಆದರೆ ವೃಷಭೇಂದ್ರಪ್ಪನವರು ಹೊರಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು.

"ಬಿಚ್ಸು ಬಿಚ್ಸು. ಸೆರಗ್ಗ ಕುಚ್ಚು ಕಟ್ಟೋರ್ಗೆಲ್ಲ ಪಂಚಾಯ್ತಿ ಯಾಕ?"

ಒಳಗಿನಿಂದ ರೂಪಶ್ರೀ ಎದ್ದು ಬಂದಳು. ಸೆರಗು ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ನಿಂತಳು.

"ಯಾಕ ಬಿಚ್ಬೇಕಣ್ಣ? ಕಟ್ಟಿದ್ದಾಯ್ತಲ್ಲ, ಇರ್ಲಿ."

"ಅಲ್ಲ ಕಣೆ, ಅದು ತಂತ್ರಾಂಶದ..." ಎಂದರು ಸ್ವಾಮಿಯವರು.

"ನೀವ್ ಸುಮ್ಕಿರಿ."

ಸ್ವಾಮಿಯವರು ಸುಮ್ಮನಿದ್ದರು. ಚುನಾವಣೆ ಮುಗಿಯುವವರೆಗೂ ಅವರ ಪಾಲಿಗೆ ಬಂದ ಕೆಲಸ ಮುಖ್ಯವಾಗಿ ಅದೇ.

ರೂಪಶ್ರೀ ಪ್ರಚಾರಕ್ಕೆ ಹೊರಟಳು. ಸ್ವಾಮಿಯವರು ನೀರಿನ ಬಾಟಲಿ ಹಿಡಿದು ಹಿಂದೆ ಹೋದರು. ಹೋದ ಕಡೆ ಎರಡು ಮಾತು ತಮ್ಮ ತಂತ್ರಾಂಶದ ಬಗ್ಗೆಯೂ ಹೇಳಬಹುದು, ಯಾವುದಾದರೂ ಒಂದು ಮನೆ ಒಪ್ಪದೆ ಇದ್ದೀತೆ ಎಂಬ ಲೆಕ್ಕ ಅವರದು. ಆದರೆ ಮಾತು ಆಡುವ ಸರದಿಯೇ ಬರಲಿಲ್ಲ. ತಾವು ಸುತ್ತಿದ ಅದೇ ಬೀದಿ, ಅದೇ ಮನೆಗಳು, ಅದೇ ಪ್ರಶ್ನೆ. ಮೂಗಯ್ಯ ಕೇಳಿಯೇ ಬಿಟ್ಟ: "ಅಕ್ಕ, ಇದ್ರಿಂದ ನಿಮ್ಗೇನ ಲಾಭ?"

ನನಗೇನೂ ಲಾಭವಿಲ್ಲ ಎಂದು ಸ್ವಾಮಿಯವರ ತುಟಿಗೆ ಬಂದಿತ್ತು. ರೂಪಶ್ರೀ ಅಷ್ಟರಲ್ಲಿ ಉತ್ತರ ಕೊಟ್ಟಾಗಿತ್ತು.

"ಅಯ್ಯ, ಲಾಭ ಇಲ್ದೆ ಬಂದನಾ ಮೂಗಯ್ಯ? ನಮ್ ಮನೆ ಮುಂದ್ಲ ಚರಂಡಿ ನಾರ್ತದ, ಅದು ಸರಿಯಾಗ್ಬೇಕು. ನಿಮ್ ಬೀದಿ ದಾಟಿ ತಾನೇ ಅದು ಹರಿಯದು? ನಿಮ್ದು ಸರಿಮಾಡ್ದೆ ನಂದು ಸರಿಹೋದ್ದಾ? ಇನ್ನೊಂದು, ಆ ವೃಷಭೇಂದ್ರಣ್ಣ ನನ್ನ ಕುಚ್ಚು ಕಟ್ಟೋಳು ಅಂದ. ನಂಗ ಅವ್ನ ಸೋಲಿಸ್ಬೇಕು. ಇದೂ ಲಾಭನೇ."

ಮೂಗಯ್ಯ ಬಾಯಿತುಂಬ ನಕ್ಕ. ಓಹೋ ಎನ್ನಲಿಲ್ಲ. "ಕುಂತ್ಕಳಿ ಅಕ್ಕ, ಕಾಪಿ ಕುಡ್ಕ ಹೋಗಿ," ಎಂದ. ತಿಂಗಳುಗಟ್ಟಲೆ ಓಡಾಡಿದ ಸ್ವಾಮಿಯವರಿಗೆ ಆ ಮನೆಯಲ್ಲಿ ಒಂದು ಲೋಟ ನೀರೂ ಹುಟ್ಟಿರಲಿಲ್ಲ. ಅವರು ನೀರಿನ ಬಾಟಲಿ ಹಿಡಿದುಕೊಂಡು ಜಗಲಿಯ ತುದಿಯಲ್ಲಿ ಕುಳಿತರು. ತಮ್ಮ ಲಾಭವನ್ನು ಬಾಯಿಬಿಟ್ಟು ಹೇಳಿದವರನ್ನು ಜನ ನಂಬುತ್ತಾರೆ, ಲಾಭವೇ ಇಲ್ಲ ಎಂದವನನ್ನು ಕಳ್ಳನಂತೆ ನೋಡುತ್ತಾರೆ ಎಂಬ ಸಂಗತಿ ಅವರಿಗೆ ಅನ್ಯಾಯವೆನಿಸಿತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಎಂದು ಅವರೇ ಹೇಳಲಾರರು.

ಸಂಜೆಯಾದರೆ ರೂಪಶ್ರೀ ಜಗಲಿಯ ಮೇಲೆ ತನ್ನ ಲ್ಯಾಪ್‌ಟಾಪು ತೆರೆದು ಕೂರುತ್ತಿದ್ದಳು. ಮಾಡುತ್ತಿದ್ದದ್ದು ಕುಚ್ಚಿನ ಕೆಲಸವೇ. ಮದುವೆಯ ಕಾಲ, ಒಪ್ಪಿಕೊಂಡ ಸೀರೆಗಳು ಬಾಕಿಯಿದ್ದವು. ಆದರೆ ಎದುರು ಬೀದಿಯ ಗೊಬ್ಬರದ ಅಂಗಡಿಯಿಂದ ನೋಡುವವರಿಗೆ ಅದು ಹಾಗೆ ಕಾಣಿಸಲಿಲ್ಲ. ಏನೋ ಒತ್ತುತ್ತಾಳೆ, ಏನೋ ನೋಡುತ್ತಾಳೆ, ಬೆಳಿಗ್ಗೆ ಎದ್ದು ಸರಿಯಾಗಿ ಹೋಗಬೇಕಾದ ಮನೆಗೇ ಹೋಗುತ್ತಾಳೆ ಎಂದು ವೃಷಭೇಂದ್ರಪ್ಪನವರು ನಿಟ್ಟುಸಿರು ಬಿಡುತ್ತಿದ್ದರು.

ರೂಪಶ್ರೀ ಗೆದ್ದಳು. ಕೂದಲೆಳೆಯಲ್ಲಲ್ಲ, ಗೆಲ್ಲುವ ಹಾಗೆಯೇ ಗೆದ್ದಳು. ಮನೆಯ ಮುಂದೆ ಪಟಾಕಿ ಹೊಡೆದರು, ಚೆಂಡುಹೂವಿನ ಹಾರ ಹಾಕಿದರು. ಹಾರ ಹಾಕಿದವರಲ್ಲಿ ಕೆಲವರು ಸ್ವಾಮಿಯವರ ಕೈಯನ್ನೂ ಕುಲುಕಿ, ನಿಮ್ಮ ಪ್ರಚಾರ ಭಾರಿ ಚೆನ್ನಾಗಿತ್ತು ಸ್ವಾಮ್ಯೋರೆ ಎಂದರು. ಯಾವ ಪ್ರ‌ಚಾರ ಎಂದು ಅವರು ಕೇಳಲಿಲ್ಲ. ಗದ್ದಲ ಅಡಗಿದ ಮೇಲೆ ಅವರು ತಮ್ಮ ಹಳೆಯ ಪೆಟ್ಟಿಗೆಯ ಮುಂದೆ ಹೋಗಿ ಕುಳಿತರು. ಒಂದು ಮನೆ, ಒಂದೇ ಒಂದು ಮನೆಯೂ ಕೇಳಿರಲಿಲ್ಲ. ಮನಸ್ಸಿಗೆ ಬಹಳ ಬೇಜಾರಾಯಿತು.

ಎಣಿಸದೆ ಇದ್ದದ್ದು ಆಮೇಲಿನ ಭಾನುವಾರ ನಡೆಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ವೃಷಭೇಂದ್ರಪ್ಪನವರು ಬಂದು ಬಾಗಿಲಲ್ಲಿ ನಿಂತರು. ದನಿ ತಗ್ಗಿತ್ತು.

"ಗಂಗಾಧರ, ಹಳೇದೆಲ್ಲ ಮನ್ಸಲ್ಲಿ ಮಡಿಕಬ್ಯಾಡ ಕಣಪ್ಪ. ಒಂದು ಕೇಳನ ಅಂತ ಬಂದಿ."

"ಕೇಳಿ ಅಣ್ಣ."

"ನಿಮ್ ಮನೆ ಕಂಪ್ಯೂಟರಲ್ಲಿ ಏನೋ ಅದಲ್ಲ, ನೀನು ಊರೆಲ್ಲ ಹೇಳ್ಕ ತಿರುಗ್ತಿದ್ದಲ್ಲ. ಅದು ನಮ್ಗೂ ಬೇಕು. ಅಂಗಡೀಗ ಆಯ್ತದ, ಮುಂದ್ಲ ಸಲದ ಎಲೆಕ್ಷನ್‌ಗೂ ಆಯ್ತದ."

ಸ್ವಾಮಿಯವರ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಬಿತ್ತು. ಬಲವಂತವಿಲ್ಲ, ಕರೆಯಲಿಲ್ಲ, ತಾವಾಗಿ ಬಂದು ಕೇಳಿದ್ದಾರೆ. ಅದೂ ಯಾರು? ಊರಿಗೆ ಮಾತು ಹೇಳುವ ಮನೆ! ಅವರ ಕಣ್ಣಲ್ಲಿ ನೀರು ಬಂತು. ಎಲೆಕ್ಷನ್ನಿಗೂ ತಂತ್ರಾಂಶಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕೆಂದು ಅನ್ನಿಸಿದರೂ ಮೊದಲ ಬಾರಿಗೆ ವಿವರಣೆಯನ್ನು ನುಂಗಿಕೊಂಡು ಹೆಂಡತಿಯನ್ನು ಕರೆದರು.

"ರೂಪಾ, ಬಾ ಇಲ್ಲಿ! ಅಣ್ಣ ತಾವಾಗಿ ಬಂದು ಕೇಳ್ತಾ ಇದ್ದಾರೆ. ನಮ್ಗೂ ಬೇಕು ಅಂತಿದ್ದಾರೆ. ನಿನ್ನ ಕಿವಿಯಾರ ಕೇಳು."

ರೂಪಶ್ರೀ ಬಂದಳು. ವೃಷಭೇಂದ್ರಪ್ಪನವರಿಂದ ಇನ್ನೊಮ್ಮೆ ಕೇಳಿ ಖಾತ್ರಿಮಾಡಿಕೊಂಡಳು. ಒಳಗೆ ಹೋಗಿ ಲ್ಯಾಪ್‌ಟಾಪು ತಂದು ಗಂಡನ ಮುಂದಿಟ್ಟಳು.

"ತಕಳಿ, ಹಾಕಿ. ನನ್ ಕುಚ್ಚಿನ ಫೋಟೋ ಒಂದೂ ಹೋಗ್ಬಾರ್ದು ಅಷ್ಟೆ."

ಸ್ವಾಮಿಯವರು ಕೈತೊಳೆದು ಒರೆಸಿಕೊಂಡು, ಪೂಜೆಗೆ ಕುಳಿತವರಂತೆ ಕುಳಿತು ಮುಚ್ಚಳ ತೆರೆದರು. ಪರದೆ ಬೆಳಗಿತು. ವೃಷಭೇಂದ್ರಪ್ಪನವರು ಮುಂದೆ ಬಗ್ಗಿದರು.

"ಇದೇ! ಇದೇ ಕಣ್ಲಾ. ಸಂಜೆ ಹೊತ್ನಲ್ಲಿ ಮಡಿಕ ಕೂತಿರ್ತಿತ್ತಲ್ಲ ರೂಪ, ಇದೇ ನಮ್ಗ ಬೇಕಾದ್ದು. ಇದ್ರಲ್ಲಿ ಏನದೋ ಅದ್ನೇ ಹಾಕ್ಕೊಡು."

"ಇದಲ್ಲಣ್ಣ," ಎಂದರು ಸ್ವಾಮಿಯವರು. ಸುಮ್ಮನಿದ್ದಿದ್ದರೆ ಗೆದ್ದೇಬಿಡುತ್ತಿದ್ದರು. ಆದರೆ ಆ ಮನುಷ್ಯನಿಗೆ ಸುಳ್ಳು ಬಾರದು. "ಇದರಲ್ಲಿರುವುದು ಕಂಪನಿಯದು, ದುಡ್ಡು ಕೊಟ್ಟು ಕೊಂಡದ್ದು. ನಾನು ಹೇಳ್ತಿದ್ದದ್ದು ಅಗೋ ಅದರಲ್ಲಿದೆ. ಇದನ್ನು ತೆಗೆದು ಅದನ್ನ ಹಾಕಬೇಕು."

ವೃಷಭೇಂದ್ರಪ್ಪನವರು ಮೂಲೆಯ ಹಳೆಯ ಪೆಟ್ಟಿಗೆಯನ್ನು ನೋಡಿದರು. ಲ್ಯಾಪ್‌ಟಾಪನ್ನು ನೋಡಿದರು. ಕೊನೆಗೆ ಸ್ವಾಮಿಯವರನ್ನು, ದಾರಿ ತಪ್ಪಿದ ತಮ್ಮನನ್ನು ನೋಡುವಂತೆ ನೋಡಿದರು.

"ಗೆದ್ದದ್ದ ತೆಗ್ದು ಬಿಟ್ಟಿದು ಹಾಕ್ತೀಯಾ? ಅದ್ರಲ್ಲಿ ಶಕ್ತಿ ಇದ್ದಿದ್ರ ರೂಪ ಯಾಕ ಅದ್ನ ಮುಟ್ಟಿಲ್ಲ? ನೀನು ಊರಿಗೆಲ್ಲ ಅದ್ನ ಹಂಚಿ, ಮನೆಯೋಳ್ಗ ಇದ್ನ ಮಡಗಿದ್ದಯ. ನಾನೂ ವ್ಯಾಪಾರಸ್ತನೇ ಕಣಪ್ಪ, ನಂಗ ತಿಳೀತದ. ನಂಗ ಕೊಂಡದ್ದೇ ಬೇಕು."

ಸ್ವಾಮಿಯವರು ರೂಪಶ್ರೀಯ ಮುಖ ನೋಡಿದರು. ಆಕೆಗೆ ನಗು ಬರಲಿಲ್ಲ. ಬಂದಿದ್ದರೆ ಅವರಿಗೆ ಹಗುರಾಗುತ್ತಿತ್ತು. ಆಕೆ ಮೆಲ್ಲಗೆ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದಳು.

"ಕೇಳಿದ್ದು ನಿಮ್ದಲ್ಲ ಕಣ್ರಿ, ನಂದು. ಏನ್ ಮಾಡನ," ಎಂದಳು. ದನಿಯಲ್ಲಿ ಕನಿಕರವಿತ್ತು. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚು ನೋವುಂಟುಮಾಡಿತು. ಆಮೇಲೆ ವೃಷಭೇಂದ್ರಪ್ಪನವರ ಕಡೆ ತಿರುಗಿ, "ಅಣ್ಣ, ಇದು ನಗರದಲ್ಲಿ ಅಂಗಡೀಲಿ ಸಿಕ್ತದ. ಇವ್ರಿಗ ಎಲ್ಲಾ ಗೊತ್ತು. ಜೊತ್ಗ ಬಂದು ನೋಡಿ ಕೊಡಿಸ್ತರ. ಮೆಂಬರ್ ಮನೆಗ ಬಂದೋರ ಬರಿಗೈಲಿ ಕಳ್ಸಕ್ಕಾದ್ದಾ?" ಎಂದಳು.

ಹೀಗೆ ಗಂಗಾಧರಸ್ವಾಮಿಯವರು ವೃಷಭೇಂದ್ರಪ್ಪನವರ ಜೊತೆ ಚಾಮರಾಜನಗರದ ಅಂಗಡಿಗೆ ಹೋದರು. ಅಂಗಡಿಯವನು ಎರಡು ಮಾತು ಹೇಳಿದರೆ ಸ್ವಾಮಿಯವರು ನಾಲ್ಕು ಕೇಳಿದರು, ಮೋಸವಾಗದಂತೆ ನೋಡಿಕೊಂಡರು, ತಂತ್ರಾಂಶ ಅಸಲಿಯೇ ಎಂದು ಪರೀಕ್ಷಿಸಿದರು, ಅಲ್ಲಿಯೇ ಪ್ರಿಂಟರು ಹಚ್ಚಿಸಿ ನೋಡಿದರು. ಅದು ಗುಟುರು ಹಾಕದೆ ಅಚ್ಚು ಹಾಕಿತು. ಇಷ್ಟು ತಿಳಿದವರನ್ನು ಕಂಡು ಅಂಗಡಿಯವನು ಸಂತೋಷಪಟ್ಟು, ಗಿರಾಕಿಗಳಿಗೆ ಕೊಡುವ ಒಂದು ಕೈಚೀಲ ತೆಗೆದುಕೊಟ್ಟ. ಎರಡೂ ಮಗ್ಗುಲಲ್ಲಿ ತಂತ್ರಾಂಶದ ಕಂಪನಿಯ ಹೆಸರು ಗೇಣುದ್ದದ ಅಕ್ಷರಗಳಲ್ಲಿತ್ತು.

ವೃಷಭೇಂದ್ರಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಸ್ವಾಮಿಯವರ ಕೈಗೆ ಹಾಕಿದರು. "ಇದು ಪುಕ್ಕಟೆದು ಕಣಪ್ಪ. ನೀನೇ ಮಡಿಕ."

ಚೀಲ ಗಟ್ಟಿಯಾಗಿತ್ತು. ರೂಪಶ್ರೀ ಮಾರನೆಯ ದಿನದಿಂದ ಗಂಡನ ಊಟದ ಡಬ್ಬಿಯನ್ನು ಅದರಲ್ಲಿಯೇ ಇಟ್ಟು ಕಳಿಸತೊಡಗಿದಳು. ಬೇಡ ಎನ್ನುವುದಕ್ಕೆ ಸ್ವಾಮಿಯವರ ಬಳಿ ತಾತ್ವಿಕ ಕಾರಣಗಳು ಬಹಳವಿದ್ದವು. ಅವಳು ಇನ್ನೊಂದು ಚೀಲ ತನ್ನಿ ನೋಡೋಣ ಎಂದುಬಿಟ್ಟರೆ ಎಂದು ಹೆದರಿ ಸುಮ್ಮನಾದರು.

ಒಂದು ದಿನ ಬೆಳಗಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಉಡಿಗಾಲದ ಕಡೆಯ ಒಬ್ಬರು ಆ ಚೀಲವನ್ನೇ ಬಹಳ ಹೊತ್ತು ನೋಡುತ್ತಿದ್ದರು. ಕಡೆಗೆ ಕೇಳಿದರು: "ಸ್ವಾಮಿ, ಮಗಳ್ಗ ಒಂದು ಕಂಪ್ಯೂಟರ್ ಕೊಡಿಸ್ಬೇಕು. ಯಾವ್ದು ಹಾಕ್ಸುದ್ರ ಒಳ್ಳೇದು?"

ಕರೆಯದೆ, ಬಲವಂತವಿಲ್ಲದೆ, ಅಪರಿಚಿತರೊಬ್ಬರು ತಾವಾಗಿ ಕೇಳಿದ್ದರು. ಗಂಗಾಧರಸ್ವಾಮಿಯವರು ಚೀಲವನ್ನು ಕಾಲ ಕೆಳಗೆ ಸರಿಸಿ ಶುರುಮಾಡಿದರು. ಬಸ್ಸು ನಗರ ಮುಟ್ಟುವವರೆಗೂ ಹೇಳಿದರು. ಸ್ವಾತಂತ್ರ್ಯ ಹೇಳಿದರು, ಹೆಪ್ಪು ಹೇಳಿದರು, ಒಳಗೆ ತೆರೆದು ನೋಡುವ ಹಕ್ಕು ಹೇಳಿದರು, ತಮಗೆ ಇದರಿಂದ ಏನೂ ಲಾಭವಿಲ್ಲವೆಂದೂ ಹೇಳಿದರು. ಆ ಮನುಷ್ಯ ಒಂದು ಮಾತೂ ಬಿಡದೆ, ತಲೆಯಾಡಿಸುತ್ತ, ಶ್ರದ್ಧೆಯಿಂದ ಕೇಳಿದರು. ನಗರದಲ್ಲಿ ಇಬ್ಬರೂ ಇಳಿದರು. ಇಳಿದ ಮೇಲೆ ಅವರು ಕೈಮುಗಿದು, "ಬಾಳ ಚೆನ್ನಾಗಿ ಹೇಳುದ್ರಿ ಸ್ವಾಮಿ. ನಿಮ್ಮಂಗ ತಿಳ್ದೋರು ಹಿಡ್ಕಂಡಿರೋದೇ ನಂಗೂ ಇರ್ಲಿ," ಎಂದು ಚೀಲದ ಮೇಲಿನ ಅಕ್ಷರದ ಕಡೆ ಬೆರಳು ತೋರಿಸಿ, "ಇದು ಸಿಕ್ಕೋ ಅಂಗ್ಡಿ ಎಲ್ಲಿ ಬತ್ತದ?" ಎಂದರು.

ಗಂಗಾಧರಸ್ವಾಮಿಯವರು ಚೀಲವನ್ನು ಮಗ್ಗುಲು ಬದಲಿಸಿ ಹಿಡಿದರು, ಅಲ್ಲೂ ಅದೇ ಹೆಸರಿತ್ತು. ಆಮೇಲೆ ಅವರಿಗೆ ಅಂಗಡಿಯ ದಾರಿ ತೋರಿಸಿ ಕಾಲೇಜಿಗೆ ಹೋದರು.